1957ರ ಮುಂಬಯಿ ಹೋಟೆಲ್ ಪತ್ತೇದಾರಿ ಆಟ: ಮೊದಲ ಅಧ್ಯಾಯದ ಡೆಮೊ ಆಡಿದವರು ಇಲ್ಲಿ ಬನ್ನಿ

ಠಾಣೆ ಲೋಕಲ್ · ಶನಿವಾರ ರಾತ್ರಿ

ನಮ್ಮ ಗುಂಪಿನ ‘ಗಲ್ಲಾಪೆಟ್ಟಿಗೆ’ ಮತ್ತು ಚಿತ್ರ ಬರೆಯುವ ಅವರ ಗೆಳತಿ ಇಬ್ಬರೇ ಸೇರಿ ಕಟ್ಟುತ್ತಿರುವ ಆಟದ ಮೊದಲ ಅಧ್ಯಾಯ ಕೈಗೆ ಬಂದಿದೆ. ಹೆಸರು ಇನ್ನೂ ಇಟ್ಟಿಲ್ಲ. ಬಿಡುಗಡೆಗೆ ಮೊದಲು ನಾವು ಆಡಿ ಹೇಳಬೇಕಂತೆ. ನಮ್ಮವರದ್ದು ಅಂತ ಬೆನ್ನು ತಟ್ಟಿ ಕಳಿಸುವುದು ಬೇಡ, ದುಡ್ಡು ಕೊಟ್ಟು ಕೊಂಡವರ ಹಾಗೆ ಮಾತಾಡೋಣ.

ಆಡದವರಿಗೆ ಕಥೆ ಇಷ್ಟು. 1957ರ ಏಪ್ರಿಲ್, ಫೋರ್ಟ್ ಕಡೆಯ ಒಂದು ಉಡುಪಿ ಹೋಟೆಲ್. ಗಲ್ಲಾದಲ್ಲಿ ದುಡ್ಡು ಕಡಿಮೆ ಬಂದಿದೆ. ಕ್ಲೀನರ್ ಹುಡುಗನೊಬ್ಬ ರಾತೋರಾತ್ರಿ ಕಾಣೆಯಾಗಿದ್ದಾನೆ, ಹಾಗಾಗಿ ಕದ್ದವನು ಅವನೇ ಅಂತ ಎಲ್ಲರೂ ತೀರ್ಮಾನಿಸಿ ಆಗಿದೆ. ಆ ಹುಡುಗ ಓದುತ್ತಿದ್ದ ಕನ್ನಡ ರಾತ್ರಿ ಶಾಲೆಯ ಮಾಸ್ತರರು ನಾವು. ಹೆಣ ಇಲ್ಲ, ಪಿಸ್ತೂಲು ಇಲ್ಲ, ಮಳೆಯಲ್ಲಿ ಸಿಗರೇಟು ಸೇದುವ ಕೋಟಿನ ಮನುಷ್ಯ ಇಲ್ಲ. ಇಷ್ಟಕ್ಕೇ ನಾನು ಅರ್ಧ ಗೆದ್ದೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಪಾಠಕ್ಕೆ ಕೂತ ಮಕ್ಕಳ ಊರು ಇದು. ಆ ಲೋಕ ಪರದೆಯ ಮೇಲೆ ಬಂದದ್ದನ್ನು ನಾನು ಈವರೆಗೆ ನೋಡಿರಲಿಲ್ಲ.

ಮುಂದಿನ ಎರಡು ಪ್ಯಾರಾದಲ್ಲಿ ಗುಟ್ಟು ರಟ್ಟಾಗುತ್ತದೆ. ಆಡದವರು ಹಾರಿಸಿ.

ಇಡೀ ಅಧ್ಯಾಯ ನಿಂತಿರುವುದು ಹೋಟೆಲಿನ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕದ ಮೇಲೆ. ಪ್ರತಿ ಪುಟದಲ್ಲಿ ಮೂರು ಕಾಲಂ: ರೂಪಾಯಿ, ಆಣೆ, ಪೈ. ಫೆಬ್ರವರಿಯ ಒಂದು ಪುಟದಲ್ಲಿ ‘ಬಾಳೆಎಲೆ’ ಅಂತ ಬರೆದ ಸಾಲಿನಲ್ಲಿ ಆಣೆಯ ಕಾಲಂನಲ್ಲಿ 19 ಅಂತಿದೆ. ರೂಪಾಯಿಗೆ ಹದಿನಾರಾಣೆ. ಆ ಕಾಲಂನಲ್ಲಿ ಹದಿನೈದಕ್ಕಿಂತ ದೊಡ್ಡ ಅಂಕಿ ಬರಲು ಸಾಧ್ಯವೇ ಇಲ್ಲ, ಹದಿನಾರಾದ ಕೂಡಲೇ ಎಡಕ್ಕೆ ಒಂದು ರೂಪಾಯಿ ಹೋಗಬೇಕು. ಹಾಗಾದರೆ ಈ 19 ಎಲ್ಲಿಂದ ಬಂತು? ಗಲ್ಲಾದ ಹಿಂದಿನ ಗೋಡೆಗೆ ಹೊಸ ಪೈಸೆಯ ಕೋಷ್ಟಕ ಅಂಟಿಸಿದ್ದಾರೆ: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಹೊಸ ಪೈಸೆ ಚಲಾವಣೆಗೆ ಬಂದದ್ದೇ 1957ರ ಏಪ್ರಿಲ್ 1ಕ್ಕೆ. ಮೂರಾಣೆಯ ಎಲೆಯನ್ನು 19 ಅಂತ ಬರೆದವನು ಫೆಬ್ರವರಿಯ ಪುಟವನ್ನು ಏಪ್ರಿಲ್‌ನಲ್ಲಿ ಕೂತು ಬರೆದಿದ್ದಾನೆ. ಇದು ಹೊಳೆದಾಗ ನಾನು ಕುರ್ಚಿ ಬಿಟ್ಟು ಎದ್ದು ನಿಂತೆ.

ಈಗ ತಕರಾರು. ಮಾಸ್ತರರ ಟಿಪ್ಪಣಿ ಪುಸ್ತಕದಲ್ಲಿ ಸರಿಯಾದ ಸುಳಿವನ್ನು ಸರಿಯಾದ ಹೆಸರಿನ ಪಕ್ಕ ಇಟ್ಟ ತಕ್ಷಣ ಶಾಲೆಯ ಗಂಟೆ ಬಾರಿಸುತ್ತದೆ, ಶಾಯಿ ಹಸಿರಾಗುತ್ತದೆ. ಅಷ್ಟಾದ ಮೇಲೆ ಯೋಚಿಸುವವರು ಯಾರು? ನನ್ನ ತಮ್ಮ ಕಿರ್ದಿ ಓದಲೇ ಇಲ್ಲ. ಇದ್ದ ಸುಳಿವನ್ನೆಲ್ಲ ಒಂದೊಂದಾಗಿ ಎಳೆದು ತಂದು ಗಂಟೆ ಬಾರಿಸುವ ತನಕ ಇಟ್ಟ. ನನಗಿಂತ ಬೇಗ ಮುಗಿಸಿದ.

ಕೋಥ್ರೂಡ್ ಕಟ್ಟಿ · ಶನಿವಾರ ರಾತ್ರಿ

ನಿಮ್ಮ ತಮ್ಮ ಶಾಣ್ಯಾ ಬಿಡ್ರಿ. ಆದ್ರ ಗಂಟಿ ದೊಡ್ಡ ಸಮಸ್ಯಾ ಅಲ್ಲ ಅಂತೀನಿ ನಾ. ಇನ್ನೊಂದು ಐತಿ, ಅದು ಖರೇನ ಕೆಟ್ಟದ್ದು.

ಏಪ್ರಿಲ್ ಐದನೇ ತಾರೀಕಿನ ಪುಟ ತಗೀರಿ. ಅಲ್ಲೆ ಹಾಲಿಂದು ಲೆಕ್ಕ ‘12 ಆಣೆ’ ಅಂತ ಐತಿ. ನಾ ಮುದ್ದಾಂ ಅದನ್ನ ಒಯ್ದು ‘ಈ ಪುಸ್ತಕ ತಿದ್ದಿದ್ದು’ ಅನ್ನೋ ಸಾಲಿನ ಬಾಜೂಕ ಇಟ್ಟೆ. ಆಟ ಒಪ್ಪಿಕೊಂತು! ಗಂಟಿ ಬಾರಿಸಿತು! ಅದು ಪುರಾವೆ ಹ್ಯಾಂಗಾಗತೈತ್ರಿ? ಹೊಸ ಪೈಸಾ ಬಂದ ಮ್ಯಾಲೂ ಆಣೆ ಒಮ್ಮಿಗೇ ಸತ್ತು ಹೋಗಲಿಲ್ಲ. ಹಳೇ ನಾಣ್ಯ ಹೊಸ ನಾಣ್ಯ ಎರಡೂ ಕೂಡೇ ನಡೀತಿದ್ವು, ಜನ ಆಣೆ ಲೆಕ್ಕದಾಗ ಮಾತಾಡೋದು ಬಿಡಾಕ ವರ್ಷಗಟ್ಲೆ ಹಿಡೀತು. ಏಪ್ರಿಲ್ ಪುಟದಾಗ ಆಣೆ ಇದ್ರ ಏನೂ ಸಿದ್ಧ ಆಗಂಗಿಲ್ಲ. ಫೆಬ್ರವರಿ ಪುಟದಾಗ ಹೊಸ ಪೈಸಾ ಇದ್ರ ಎಲ್ಲಾ ಸಿದ್ಧ ಆಗತೈತಿ. ಒಂದ ಕಡೆ ಬಾಗಲಾ ತೆರಿಯೋ ಸುಳಿವು ಇದು, ಆಟಕ್ಕ ಅದು ಗೊತ್ತ ಇಲ್ಲ.

ಅಂದ್ರ ಆಟ ಕಳ್ಳನ ಹೆಸರಷ್ಟ ನೋಡತೈತಿ, ನೀವು ಯಾವ ದಾರಿ ಹಿಡದು ಅಲ್ಲಿ ಮುಟ್ಟಿದ್ರಿ ಅಂತ ನೋಡಂಗಿಲ್ಲ. ಪತ್ತೇದಾರಿ ಆಟದಾಗ ಇದಕ್ಕಿಂತ ದೊಡ್ಡ ತಪ್ಪು ಯಾವದು?

ವಾಶಿ ಪಿಕ್ಸೆಲ್ · ಶನಿವಾರ ರಾತ್ರಿ

ಕಟ್ಟಿಯವರ ಮಾತಿಗೆ ನೂರಕ್ಕೆ ನೂರು. ಈ ಸಮಸ್ಯೆಗೆ ಬೇರೆಯವರು ಕಂಡುಕೊಂಡ ದಾರಿಗಳಿವೆ.

2018ರಲ್ಲಿ ಬಂದ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಆಡಿದವರಿಗೆ ಗೊತ್ತು. ಹಡಗಿನಲ್ಲಿ ಅರವತ್ತು ಜನ. ಯಾರು, ಏನಾದರು, ಯಾರಿಂದ ಆಯಿತು ಅಂತ ಪುಸ್ತಕದಲ್ಲಿ ತುಂಬಬೇಕು. ಒಬ್ಬರದ್ದು ಸರಿಯಾದರೆ ಆಟ ತುಟಿ ಪಿಟಕ್ಕೆನ್ನುವುದಿಲ್ಲ. ಮೂವರದ್ದು ಸರಿಯಾದಾಗ ಮಾತ್ರ ಒಟ್ಟಿಗೆ ಮುದ್ರೆ ಒತ್ತುತ್ತದೆ. ಸುಮ್ಮನೆ ಊಹೆಯ ಗುಂಡು ಹೊಡೆಯುವವರಿಗೆ ಅಲ್ಲೇ ಕಷ್ಟ ಶುರು. 2022ರ ‘ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್’ನಲ್ಲಿ ಖಾಲಿ ಜಾಗಗಳಿಗೆ ಪದ ತುಂಬಬೇಕು, ತಪ್ಪು ಎರಡು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಅಷ್ಟು ಮಾತ್ರ ಹೇಳುತ್ತದೆ, ಯಾವುದು ತಪ್ಪು ಅಂತ ಬಾಯಿ ಬಿಡುವುದಿಲ್ಲ. ಇನ್ನು 2015ರ ‘ಹರ್ ಸ್ಟೋರಿ’ ಪೂರ್ತಿ ಬೇರೆ ಜಾತಿ. ವಿಚಾರಣೆಯ ವಿಡಿಯೋ ತುಣುಕುಗಳನ್ನು ಪದ ಹಾಕಿ ಹುಡುಕುತ್ತಾ ಹೋಗುತ್ತೀರಿ, ನೀವು ಕಟ್ಟಿಕೊಂಡ ಕಥೆ ಸರಿಯೋ ತಪ್ಪೋ ಅಂತ ಆಟ ಕೊನೆಗೂ ತೀರ್ಪು ಕೊಡುವುದಿಲ್ಲ.

ನನ್ನ ವೋಟು ಗಂಟೆ ಕಿತ್ತುಹಾಕುವುದಕ್ಕೆ. ಮೂರು ಸಾಲು ತುಂಬಿದ ಮೇಲೆ ಒಟ್ಟಿಗೆ ಹೇಳಲಿ.

ಮಡಗಾಂವ್ ಮಾಣಿ · ಭಾನುವಾರ ಬೆಳಿಗ್ಗೆ

ಎಂತ ಮಾರಾಯ್ರೆ, ಎಲ್ಲರೂ ಗಂಟೆಯ ಹಿಂದೆ ಬಿದ್ದಿದ್ದೀರಿ! ಇಡೀ ಡೆಮೊದಲ್ಲಿ ಚಂದದ ಜಾಗ ಯಾವುದು ಅಂತ ಒಬ್ಬರೂ ಹೇಳ್ಲಿಲ್ಲ. ಮೂರು ಗಿರಾಕಿಗಳು ಒಟ್ಟಿಗೆ ಬಂದು ಒಂದೊಂದಾಣೆಯ ಚಾ ಕುಡೀತಾರಲ್ಲ, ಅದು! ಬಿಲ್ಲು ಒಟ್ಟಿಗೆ ಕೊಟ್ಟರೆ ಮೂರಾಣೆ, ಅಂದರೆ 19 ಪೈಸೆ. ಬೇರೆ ಬೇರೆ ಕೊಟ್ಟರೆ ಆರಾರು, ಬರೀ 18. ಆ ಒಂದು ಪೈಸೆಗೆ ಗಲ್ಲಾದ ಎದುರು ಜಗಳ, ಹಿಂದೆ ಸಾಲು ಬೆಳೀತಾ ಉಂಟು. ನಾನು ನಕ್ಕು ಸಾಕಾಯ್ತು. ಆಮೇಲೆ ಗೊತ್ತಾದದ್ದು, 19ರ ಗುಟ್ಟನ್ನು ಆಟ ನಮಗೆ ಅಲ್ಲೇ ಕಲಿಸಿಬಿಟ್ಟಿದೆ ಅಂತ. ಪಾಠ ಮಾಡಿದ್ದು ಗೊತ್ತೇ ಆಗ್ಲಿಲ್ಲ. ಈಗಿನ ಮಕ್ಕಳಿಗೆ ಆಣೆ ಅಂದರೆ ಎಂತ ಅಂತ ಗೊತ್ತಿಲ್ಲ, ಅವರೂ ಆಡಬಹುದು.

ಇನ್ನೊಂದು. ಹುಡುಗ ಓಡಿಹೋದದ್ದು ಗೋವಾ ಕಡೆಗೆ ಅಂತ ಕೊನೆಯಲ್ಲಿ ಒಂದು ಸುಳಿವುಂಟು. 1957ರಲ್ಲಿ ಇಲ್ಲಿ ಪೋರ್ಚುಗೀಸರು. ಇಲ್ಲಿಯ ರುಪಿಯಾಕ್ಕೂ ಹದಿನಾರು ಟಂಗಾ. ಎರಡನೇ ಅಧ್ಯಾಯ ಇಲ್ಲಿ ನಡೆದರೆ ಲೆಕ್ಕದ ಆಟ ಮತ್ತೆ ತಿರುಗಿ ಬೀಳ್ತದೆ. ಗಲ್ಲಾಪೆಟ್ಟಿಗೆ ಅಣ್ಣ, ಬೇಕಿದ್ರೆ ಮಡಗಾಂವ್ ಪೇಟೆಯ ಫೋಟೋ ನಾನು ತೆಗೆದು ಕಳಿಸ್ತೇನೆ.

ಫೋರ್ಟ್ ಗಲ್ಲಿ · ಭಾನುವಾರ ಬೆಳಿಗ್ಗೆ

ನಾನು ಆಟ ಆಡುವ ವಯಸ್ಸಿನವನಲ್ಲ. ಮೊಮ್ಮಗಳು ಲ್ಯಾಪ್‌ಟಾಪ್ ಮುಂದೆ ಕೂರಿಸಿದಳು. ನನ್ನ ತಂದೆಯವರು ಫೋರ್ಟಿನ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದವರು, ಹಾಗಾಗಿ ನಾಲ್ಕು ಮಾತು.

ಹೋಟೆಲಿನ ಒಳಗು ಚೆನ್ನಾಗಿ ಬಂದಿದೆ. ರಾತ್ರಿ ಬಾಗಿಲು ಎಳೆದ ಮೇಲೆ ಮೇಜು ಜೋಡಿಸಿ ಅದರ ಮೇಲೆ ಹುಡುಗರು ಮಲಗುವುದು, ಭಟ್ಟರಿಗೆ ಮಾತ್ರ ಅಟ್ಟದ ಮೇಲೆ ಜಾಗ, ಸಪ್ಲಾಯರ್ ಆಗುವವರೆಗೆ ಕ್ಲೀನರ್‌ಗೆ ಗಿರಾಕಿಯ ಮುಂದೆ ಬಾಯಿ ಇಲ್ಲ, ಎಲ್ಲ ಸರಿ. ಟ್ರಾಮಿನ ಗಂಟೆಯೂ ಸರಿ, 1964ರ ಮಾರ್ಚ್ ಕೊನೆಯವರೆಗೆ ಟ್ರಾಮ್ ಇತ್ತು. ಸ್ಟೇಷನ್ನಿಗೆ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ಅಂತ ಹಳೆಯ ಹೆಸರೇ ಬರೆದಿದ್ದಾರೆ, ಸಂತೋಷ. ಧಣಿಗಳ ಭಾವ ಕದ್ದ ದುಡ್ಡು ಎಲ್ಲಿ ಸುರಿಯುತ್ತಿದ್ದ ಅಂತ ತೋರಿಸುವ ಆಂಟಿ ಅಡ್ಡಾ, ಅಂದರೆ ಕದ್ದು ಹೆಂಡ ಮಾರುವ ಜಾಗ ಕೂಡ ಹೊಂದಿದೆ. ಪಾನನಿಷೇಧದ ಕಾಯ್ದೆ 1949ರಿಂದಲೇ ಇತ್ತು, ಅಡ್ಡಾಗಳಿಗೆ ಬರವೇನೂ ಇರಲಿಲ್ಲ.

ಒಂದು ಕಡೆ ಮುಗ್ಗರಿಸಿದೆ. ಊರಿನಿಂದ ಹುಡುಗನ ತಾಯಿ ಬರೆಸಿದ ಪತ್ರದ ಲಕೋಟೆಯ ಮೇಲೆ ಆರಂಕಿಯ ಪಿನ್ ಇದೆ. ಪಿನ್ ಕೋಡ್ ಬಂದದ್ದು 1972ರಲ್ಲಿ. ಬೇರೆ ಆಟದಲ್ಲಾದರೆ ನಕ್ಕು ಬಿಡಬಹುದು. ಇಲ್ಲಿ ನಾನೂ ಮೊಮ್ಮಗಳೂ ‘ಪತ್ರವೇ ಸುಳ್ಳು, ಯಾರೋ ಸೃಷ್ಟಿಸಿದ್ದಾರೆ’ ಅಂತ ಹಿಡಿದುಕೊಂಡು ಆ ತಾಯಿಯನ್ನೇ ಸಂಶಯಪಟ್ಟೆವು. ತಾರೀಕು ಹಿಡಿದು ಕಳ್ಳನನ್ನು ಹಿಡಿಯಿರಿ ಅಂತ ಕಲಿಸಿದ ಆಟ ತಾನೇ ತಾರೀಕು ತಪ್ಪಬಾರದು.

ಠಾಣೆ ಲೋಕಲ್ · ಭಾನುವಾರ ಬೆಳಿಗ್ಗೆ

ಸರ್, ನೀವು ಆಡಿದ್ದೇ ದೊಡ್ಡದು. ಅದೇ ಪತ್ರದಲ್ಲಿ ವಿಳಾಸ ‘ದಕ್ಷಿಣ ಕನ್ನಡ, ಮದ್ರಾಸ್ ರಾಜ್ಯ’ ಅಂತಿದೆ. ಪತ್ರದ ತಾರೀಕು ಜನವರಿ 1957. ಅಷ್ಟರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಗಿತ್ತಲ್ಲ, 1956ರ ನವೆಂಬರ್ 1ಕ್ಕೇ. ಅದೂ ತಪ್ಪೇ?

ಫೋರ್ಟ್ ಗಲ್ಲಿ · ಭಾನುವಾರ ಮಧ್ಯಾಹ್ನ

ಅದನ್ನು ತಪ್ಪು ಅನ್ನಲಾರೆ. ಪತ್ರ ಬರೆದುಕೊಟ್ಟವರು ಊರಿನ ಯಾರೋ ಹಿರಿಯರು. ಎರಡು ತಿಂಗಳ ಹಿಂದೆ ರಾಜ್ಯ ಬದಲಾದರೆ ಕೈ ಬದಲಾಗುತ್ತದೆಯೇ? ನನ್ನ ದೊಡ್ಡಪ್ಪ ಎಷ್ಟೋ ವರ್ಷ ಮದ್ರಾಸ್ ಅಂತಲೇ ಬರೆಯುತ್ತಿದ್ದರು. ಕಟ್ಟಿಯವರು ಆಣೆಯ ಬಗ್ಗೆ ಹೇಳಿದ್ದೂ ಇದೇ ಅಲ್ಲವೇ. ಹಳೆಯದು ಉಳಿದುಕೊಳ್ಳುತ್ತದೆ, ಹೊಸದು ಮುಂಚೆ ಬರುವುದಿಲ್ಲ.

ಕೋಥ್ರೂಡ್ ಕಟ್ಟಿ · ಭಾನುವಾರ ಮಧ್ಯಾಹ್ನ

ಕೊನೇ ಸಾಲು ನೋಡ್ರಿ! ಇದನ್ನ ಮಾಸ್ತರ ಬಾಯಾಗ ಹಾಕ್ರಿ ಗಲ್ಲಾಪೆಟ್ಟಿಗೆಯವ್ರ. ಸರ್ ಹತ್ರ ಒಂದ್ಸಲ ಪರವಾನಗಿ ಕೇಳ್ರಿ, ಅಷ್ಟ.

ಡೊಂಬಿವ್ಲಿ ಡೆಸ್ಕ್ · ಭಾನುವಾರ ಮಧ್ಯಾಹ್ನ

ಭಾಷೆಯ ಕಡೆಯಿಂದ ಒಂದು ದೊಡ್ಡ ತೂತು. ಯಾರೂ ಗಮನಿಸಿಲ್ಲ ಅಂತ ಆಶ್ಚರ್ಯ.

ಮಾಸ್ತರರ ಟಿಪ್ಪಣಿ ಪುಸ್ತಕದಲ್ಲಿ ತುಂಬಬೇಕಾದ ವಾಕ್ಯ ಹೀಗಿದೆ: ‘\_\_\_\_ ಫೆಬ್ರವರಿಯ ಪುಟ ಕಿತ್ತು ಹೊಸದಾಗಿ ಬರೆದರು.’ ಸಂಶಯದ ಪಟ್ಟಿಯಲ್ಲಿ ನಾಲ್ವರು: ಧಣಿ, ಅವರ ಭಾವ, ಖಾನಾವಳಿಯ ಬಾಯಿ, ಕ್ಲೀನರ್ ಹುಡುಗ. ‘ಬರೆದರು’ ಅಂದ ಮೇಲೆ ಹುಡುಗ ಅಲ್ಲ ಅಂತ ಆಯಿತಲ್ಲ! ಹದಿನಾಲ್ಕರ ಹುಡುಗನಿಗೆ ಆ ಮಾಸ್ತರರು ಬಹುವಚನ ಹಾಕುತ್ತಾರೆಯೇ? ಇನ್ನೊಂದು ವಾಕ್ಯದಲ್ಲಿ ‘ಅಡಗಿಸಿಟ್ಟಳು’ ಅಂತಿದೆ, ಅಲ್ಲಿ ಇರುವುದೇ ಒಬ್ಬ ಹೆಂಗಸು. ಒಂದು ಸುಳಿವೂ ನೋಡದೆ ಬರೀ ಕ್ರಿಯಾಪದ ಓದಿ ಅರ್ಧ ಪ್ರಕರಣ ಬಿಡಿಸಿದೆ ನಾನು. ಇಂಗ್ಲಿಷಿನಲ್ಲಿ ಯೋಚಿಸಿದ ವಿನ್ಯಾಸವನ್ನು ಹಾಗೇ ತಂದು ಕೂರಿಸಿದರೆ ಹೀಗಾಗುತ್ತದೆ. ನಮ್ಮಲ್ಲಿ ಕ್ರಿಯಾಪದವೇ ಚಾಡಿಕೋರ.

ಪೂರ್ತಿ ವಾಕ್ಯ ಬಿಡಿ. ಮಾಸ್ತರರು ತಾನೇ, ಹಾಜರಿ ಪುಸ್ತಕದ ಹಾಗೆ ಮನೆ ಹಾಕಿ: ‘ಬರೆದ ಕೈ’, ‘ಬರೆದ ದಿನ’, ‘ಕಾರಣ’. ಎದುರು ಬರೀ ಹೆಸರು. ವಿಭಕ್ತಿಯ ತಾಪತ್ರಯವೂ ತಪ್ಪುತ್ತದೆ. ಈಗ ‘ಭಾವ’ ಅನ್ನುವ ಚೀಟಿಯನ್ನು ‘\_\_\_ಯಿಂದ’ ಅನ್ನುವ ಜಾಗಕ್ಕೆ ಹಾಕಿದರೆ ‘ಭಾವಯಿಂದ’ ಅಂತ ಆಗುತ್ತಿದೆ, ಕಣ್ಣಿಗೆ ಮುಳ್ಳು.

ಅಕ್ಷರದ್ದೂ ಒಂದು ಕಿರಿಕಿರಿ. ಚಿಕ್ಕ ಚೀಟಿಗಳಲ್ಲಿ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತದೆ. ‘ಅಕ್ಕಿ’ ಅನ್ನುವುದು ‘ಅಕಿ’ ಅಂತ ಕಾಣಿಸಿ, ಬರೆದವರಿಗೆ ಕನ್ನಡ ಸರಿಯಾಗಿ ಬರುವುದಿಲ್ಲ ಅನ್ನುವುದೇ ಸುಳಿವೇನೋ ಅಂದುಕೊಂಡೆ.

ವಾಶಿ ಪಿಕ್ಸೆಲ್ · ಭಾನುವಾರ ಮಧ್ಯಾಹ್ನ

ಕ್ರಿಯಾಪದ ಚಾಡಿಕೋರ! ಸೂಪರ್. ಮರಾಠಿ, ಹಿಂದಿಗೆ ತಂದರೂ ಇದೇ ಗತಿ, ಅಲ್ಲೂ ಕ್ರಿಯಾಪದಕ್ಕೆ ಲಿಂಗ ಇದೆ.

ಮಡಗಾಂವ್ ಮಾಣಿ · ಭಾನುವಾರ ಸಂಜೆ

ಮಾಸ್ತರು ಬೆರಳಚ್ಚು ಯಾಕೆ ನೋಡುವುದಿಲ್ಲ? ಕಿರ್ದಿಯ ಮೇಲೆ ಎಣ್ಣೆಯ ಬೆರಳಿನ ಗುರುತು ದೊಡ್ಡದಾಗಿ ಬಿಡಿಸಿದ್ದಾರೆ, ಕ್ಲಿಕ್ ಮಾಡಿದರೆ ಎಂತದ್ದೂ ಆಗುವುದಿಲ್ಲ.

ಫೋರ್ಟ್ ಗಲ್ಲಿ · ಭಾನುವಾರ ಸಂಜೆ

ಬೆರಳಚ್ಚಿನ ಕಚೇರಿ ಕಲ್ಕತ್ತದಲ್ಲಿ 1897ರಲ್ಲೇ ಶುರುವಾಗಿತ್ತು. ಆದರೆ ಅದು ಪೊಲೀಸರ ಕೆಲಸ, ರಾತ್ರಿ ಶಾಲೆಯ ಮಾಸ್ತರರಿಗೆ ಯಾರು ತೆಗೆದು ಕೊಡುತ್ತಾರೆ? ಮತ್ತೆ ಹೋಟೆಲಿನ ಪುಸ್ತಕದ ಮೇಲೆ ಎಣ್ಣೆ ಬೆರಳು ಯಾರದ್ದಿರುವುದಿಲ್ಲ ಹೇಳಿ.

ಮುಲುಂಡ್ ಮಳೆ · ಭಾನುವಾರ ಸಂಜೆ

ತಡವಾಗಿ ಬಂದೆ. ಎಲ್ಲರೂ ಲೆಕ್ಕದಲ್ಲೇ ಮುಳುಗಿದ್ದೀರಿ, ನನಗೆ ಹಿಡಿಸಿದ್ದು ಖಾನಾವಳಿಯ ಬಾಯಿ. ಗಿರಣಿ ಕೆಲಸದವರಿಗೆ ಚಾಳಿನಲ್ಲಿ ಅನ್ನ ಬೇಯಿಸಿ ಹಾಕುವ ಹೆಂಗಸು, ಯಾರು ಯಾವ ಶಿಫ್ಟು, ಯಾರ ಬಾಕಿ ಎಷ್ಟು, ಎಲ್ಲ ತಲೆಯಲ್ಲೇ. ಪುಸ್ತಕ ಇಲ್ಲ. ಗೋಡೆಯ ಮೇಲೆ ಇದ್ದಿಲಿನ ಗೆರೆ. ಮಾಸ್ತರರು ಹುಡುಗನ ಬಗ್ಗೆ ಕೇಳಲು ಹೋದರೆ ಆಕೆ ಉತ್ತರ ಕೊಡುವ ಮೊದಲು ಊಟಕ್ಕೆ ಕೂರಿಸುತ್ತಾಳೆ. ತಟ್ಟೆ ಖಾಲಿಯಾಗುವವರೆಗೆ ಪ್ರಶ್ನೆ ಕೇಳುವ ಗುಂಡಿಯೇ ಒತ್ತಲಾಗುವುದಿಲ್ಲ. ಅಷ್ಟು ಹೊತ್ತು ನಾವು ಗೋಡೆ ನೋಡುತ್ತಾ ಕೂರಬೇಕು, ಹುಡುಗ ಕೊನೆಯ ಬಾರಿ ಊಟಕ್ಕೆ ಬಂದ ದಿನದ ಗೆರೆ ಇರುವುದೂ ಅಲ್ಲೇ. 2011ರ ‘ಎಲ್.ಎ. ನ್ವಾರ್’ನಲ್ಲಿ ಮಾತುಮಾತಿಗೂ ಮುಖ ನೋಡಿ ಸುಳ್ಳು ಹಿಡಿ ಅನ್ನುತ್ತಿದ್ದರು. ಅದಕ್ಕಿಂತ ಈ ಊಟದ ಪಂಕ್ತಿ ನನಗೆ ಎಷ್ಟೋ ಮೇಲು.

ಆದರೆ ಡೆಮೊದಲ್ಲಿ ಮಾತಾಡುವ ಹೆಂಗಸು ಇದೊಬ್ಬಳೇ. ತಾಯಿ ಬರೀ ಪತ್ರದಲ್ಲಿದ್ದಾಳೆ. ಧಣಿಗಳ ಮನೆಯೊಳಗೆ ಒಮ್ಮೆಯೂ ಕಾಲಿಡುವುದಿಲ್ಲ ನಾವು. ಭಾವ ದುಡ್ಡು ಹೊಡೆಯುತ್ತಿದ್ದಾನೆ ಅನ್ನುವುದು ಅವನ ಅಕ್ಕನಿಗೆ, ಅಂದರೆ ಧಣಿಗಳ ಹೆಂಡತಿಗೆ, ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಠಾಣೆ ಲೋಕಲ್ · ಭಾನುವಾರ ರಾತ್ರಿ

ಅಕ್ಕನ ಮಾತು ಒಳ್ಳೇ ಹೊಳಹು. ಇನ್ನು ವ್ಯಾಪಾರದ ಮಾತು. ಒಂದೊಂದೇ ಅಧ್ಯಾಯವನ್ನು ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ ಬಿಡಿಯಾಗಿ ಮಾರುವ ಯೋಚನೆ ಇದ್ದರೆ ಬಿಡುವುದು ಒಳ್ಳೆಯದು. ಎರಡು ಗಂಟೆಗಿಂತ ಕಡಿಮೆ ಆಡಿ, ಹದಿನಾಲ್ಕು ದಿನದೊಳಗೆ ಕೇಳಿದರೆ ದುಡ್ಡು ವಾಪಸ್ ಸಿಗುತ್ತದೆ ಅಲ್ಲಿ. ಈ ಅಧ್ಯಾಯ ಅಷ್ಟರೊಳಗೇ ಮುಗಿಯುತ್ತದೆ. ಕಳ್ಳನನ್ನು ಹಿಡಿದು, ದುಡ್ಡೂ ಹಿಡಿದುಕೊಂಡು ಹೋಗುವವರಿಗೆ ಬರವಿಲ್ಲ. ಮೂರು ಅಧ್ಯಾಯ ಸೇರಿಸಿ ಒಟ್ಟಿಗೆ ಬಿಡಿ.

ಕೋಥ್ರೂಡ್ ಕಟ್ಟಿ · ಭಾನುವಾರ ರಾತ್ರಿ

ರೊಕ್ಕ ಕೂಡಿಸೋದು ತ್ರಾಸು ಐತಿ ಅಂತ ನಡುವ ಕೈ ಬಿಡಬ್ಯಾಡ್ರಿ. ನಮ್ಮ ಪುಣೆದಾಗ ಮಾಡಿದ್ದ ‘ರಾಜಿ’ ಆಟ, ಜನರಿಂದ ರೊಕ್ಕ ಕೂಡಿಸೋ ಕಿಕ್‌ಸ್ಟಾರ್ಟರ್ ಜಾಲತಾಣದಾಗ ಗುರಿ ಮುಟ್ಟಲಿಲ್ಲ, ಆದ್ರೂ 2020ಕ್ಕ ಬಂತಲ್ಲ.

ಇನ್ನೊಂದು ಹುಚ್ಚು ಸಲಹಾ. 1982ರಾಗ ‘ಡೆಡ್‌ಲೈನ್’ ಅಂತ ಬರೇ ಅಕ್ಷರದ ಪತ್ತೇದಾರಿ ಆಟ ಬಂದಿತ್ತು. ಡಬ್ಬಿ ಒಳಗ ಪೊಲೀಸ್ ಕಾಗದಪತ್ರ, ಗುಳಿಗಿ, ಏನೇನೋ ಇಟ್ಟು ಮಾರತಿದ್ರು. ನೀವೂ ಕಿರ್ದಿ ಪುಟ ನಾಲ್ಕು ಛಾಪಿಸಿ ಕೊಡ್ರಿ. ಮಾಟುಂಗಾದಾಗ ಡೋಸೆ ತಿನಕೋತ ಬಿಡಸ್ತೀವಿ.

ಗಲ್ಲಾಪೆಟ್ಟಿಗೆ · ಭಾನುವಾರ ರಾತ್ರಿ

ಎಲ್ಲವನ್ನೂ ಓದಿದೆ. ಊಟದ ಮೊದಲೊಮ್ಮೆ, ಊಟ ಆದ ಮೇಲೊಮ್ಮೆ. ಒಂದೊಂದಾಗಿ ಹೇಳ್ತೇನೆ.

ಪಿನ್ ಹೋಗಿ ಆಯ್ತು. ಹೊಸ ಲಕೋಟೆಯಲ್ಲಿ ಊರು, ಅಂಚೆ, ತಾಲೂಕು ಮಾತ್ರ. ಮದ್ರಾಸ್ ಇರ್ತದೆ, ಅದು ಬೇಕೆಂದೇ ಹಾಕಿದ್ದು. ನಾವು ಕಟ್ಟುತ್ತಿರುವುದು ಗೋಡೋ 4 ಅನ್ನುವ ಆಟ ಕಟ್ಟುವ ತಂತ್ರಾಂಶದಲ್ಲಿ, ಕನ್ನಡದ ಒತ್ತಕ್ಷರ ಜೋಡಿಸುವುದು ಅದಕ್ಕೆ ಗೊತ್ತುಂಟು. ಕತ್ತರಿಸಿ ಹೋಗುವುದು ಚೀಟಿಯ ಎತ್ತರ ಸಾಲದೆ. ‘ರಾಷ್ಟ್ರ’ ಅಂತ ಬರೆದು ನೋಡಿ ಎತ್ತರ ಇಡ್ತೇವೆ ಇನ್ನು ಮುಂದೆ. ಅದು ಹಿಡಿಸಿದರೆ ಎಲ್ಲ ಹಿಡಿಸ್ತದೆ.

ಹಾಜರಿ ಪುಸ್ತಕದ ಯೋಚನೆಗೆ ಡೆಸ್ಕ್‌ನವರಿಗೆ ದೊಡ್ಡ ನಮಸ್ಕಾರ. ಚಿತ್ರ ಬರೆಯುವವರು ಆಗಲೇ ಗೆರೆ ಎಳೆಯಲು ಕೂತಿದ್ದಾರೆ. ಧಣಿಗಳ ಮನೆ ಎರಡನೇ ಅಧ್ಯಾಯದಲ್ಲಿ ಉಂಟು, ಅಕ್ಕನ ಬಗ್ಗೆ ಈಗ ಬಾಯಿ ಬಿಡುವುದಿಲ್ಲ.

ಗಂಟೆಯ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ನೀವೆಲ್ಲ ಇಂಥ ಆಟಗಳನ್ನು ಅರೆದು ಕುಡಿದವರು. ನನ್ನ ಅತ್ತೆ ಜೀವನದಲ್ಲಿ ಆಡಿದ ಮೊದಲ ಆಟ ಇದು, ಗಂಟೆ ಬಾರಿಸದಿದ್ದರೆ ಅವರು ಎರಡನೇ ಪುಟಕ್ಕೇ ಬಿಟ್ಟುಬಿಡ್ತಿದ್ದರು. ಮೂರು ಮೂರಾಗಿ ಹೇಳುವುದು ಅರವತ್ತು ಜನರಿರುವ ಹಡಗಿಗೆ ಸರಿ, ನಮ್ಮಲ್ಲಿ ಇರುವುದೇ ನಾಲ್ವರು.

ಆದರೆ ಕಟ್ಟಿಯವರು ಹೇಳಿದ್ದು ಬೇರೆ, ಅದನ್ನು ಬಿಡಲಿಕ್ಕಾಗುವುದಿಲ್ಲ. ಹೀಗೆ ಮಾಡುವ ಅಂತ: ಮಾಸ್ತರರು ಸುಳಿವು ತೆಗೆದುಕೊಂಡು ಧಣಿಗಳ ಎದುರು ನಿಲ್ಲಬೇಕು. ಏಪ್ರಿಲ್ ಪುಟದ ಆಣೆ ತೋರಿಸಿದರೆ ಧಣಿಗಳು ‘ಅದಕ್ಕೇನಂತೆ ಮಾಸ್ಟ್ರೆ, ನಾನೂ ಆಣೆಯಲ್ಲೇ ಬರೀತೇನೆ’ ಅಂತ ಜೇಬಿನಿಂದ ತಮ್ಮದೇ ಚೀಟಿ ತೆಗೆದು ಮುಖಕ್ಕೆ ಹಿಡೀತಾರೆ. ಫೆಬ್ರವರಿಯ 19 ತೋರಿಸಿದರೆ ಅವರಿಗೆ ಮಾತು ಹೊರಡುವುದಿಲ್ಲ. ಗಂಟೆ ಆಮೇಲೆ.

ಕೋಥ್ರೂಡ್ ಕಟ್ಟಿ · ಭಾನುವಾರ ರಾತ್ರಿ

ಇದು ಹೌದು! ಆದ್ರ ಧಣಿ ಇನ್ನೊಂದು ಮಾತು ಅನ್ನಬೇಕು. ‘ಹೊಸ ಪೈಸಾದ ಕಾಯ್ದೆ 1955ರಾಗ ಆಗೇತಿ, ಕೋಷ್ಟಕ ಮೊದಲ ಸಿಕ್ಕಿತ್ತು, ನನ್ನ ಭಾವ ಫೆಬ್ರವರಿಯೊಳಗ ರೂಢಿ ಮಾಡಕೊಂಡಿರಬೇಕು’ ಅಂತ. ಆಗ ಮಾಸ್ತರು ಆ ತಿಂಗಳದ ಉಳಿದ ಪುಟ ತೆಗೆದು ತೋರಿಸಬೇಕು, ಒಂದರಾಗೂ ಹೊಸ ಪೈಸಾ ಇಲ್ಲ ಅಂತ. ಅಲ್ಲಿ ತನಕ ನಾ ಕೇಸ್ ಮುಗೀತು ಅನ್ನಂಗಿಲ್ಲ.

ಗಲ್ಲಾಪೆಟ್ಟಿಗೆ · ಭಾನುವಾರ ರಾತ್ರಿ

ನೀವು ವಕೀಲರಾಗಬೇಕಿತ್ತು ಮಾರಾಯ್ರೆ. ಸೇರಿಸ್ತೇನೆ.

ಫೋರ್ಟ್ ಗಲ್ಲಿ · ಸೋಮವಾರ ಬೆಳಿಗ್ಗೆ

ತಮ್ಮಾ, ತಂದೆಯವರ ಕಾಲದ ಎರಡು ಕಿರ್ದಿ ಪುಸ್ತಕ ಮನೆಯಲ್ಲಿವೆ. ನಿಮ್ಮ ಆಟದಲ್ಲಿ ಜಮೆ ಬಲಗಡೆ ಹಾಕಿದ್ದೀರಿ, ನಮ್ಮ ಪುಸ್ತಕಗಳಲ್ಲಿ ಅದು ಎಡಗಡೆ ಇದೆ. ಮೊಮ್ಮಗಳಿಗೆ ಫೋಟೋ ತೆಗೆಯಲು ಹೇಳಿದ್ದೇನೆ, ಸಂಜೆಯೊಳಗೆ ಹಾಕುತ್ತಾಳೆ.

ನಾಲಾಸೋಪಾರ ನೈಟ್ · ಸೋಮವಾರ ಬೆಳಿಗ್ಗೆ

4 ಜಿಬಿ ರಾಮ್ ಇರುವ ಹಳೇ ಲ್ಯಾಪ್‌ಟಾಪಿನಲ್ಲಿ ಓಡುತ್ತದೆಯೇ? ಟ್ರಾಮ್ ಬರುವ ದೃಶ್ಯದಲ್ಲಿ ಪರದೆ ನಿಂತೇ ಹೋಗುತ್ತಿದೆ. ಉಳಿದಲ್ಲಿ ತೊಂದರೆ ಇಲ್ಲ.

ಗಲ್ಲಾಪೆಟ್ಟಿಗೆ · ಸೋಮವಾರ ಬೆಳಿಗ್ಗೆ

ಸೆಟ್ಟಿಂಗ್ಸ್‌ನಲ್ಲಿ ನೆರಳು ಆಫ್ ಮಾಡಿ ನೋಡಿ. ಆಗದಿದ್ದರೆ ಲಾಗ್ ಫೈಲ್ ಇಲ್ಲೇ ಹಾಕಿ.